ಗ್ರಂಥಋಣದ ಕಾಲಂ ಖಾಲಿ ಬಿಡಬೇಡಿ

“ಇದು ಎಲ್ಲಿಂದ ಬಂತು?” ಎಂದು ತೀರ್ಪುಗಾರರು ಕೇಳಿದಾಗ ನಾನು “ಇಂಟರ್ನೆಟ್‌ನಿಂದ ಸರ್” ಎಂದೆ. ಅದು ಸುಳ್ಳು. ಇಂಟರ್ನೆಟ್‌ನಿಂದ ತೆಗೆದದ್ದನ್ನು ನಮ್ಮದೇ ಎಂದು ಹೇಳುವ ಸುಳ್ಳು ಎಲ್ಲರಿಗೂ ಗೊತ್ತು. ನಾನು ಹೇಳಿದ್ದು ಅದಕ್ಕೆ ಉಲ್ಟಾ. ಅದಕ್ಕೇ ಈ ಲೇಖನ.

ಕಳೆದ ಡಿಸೆಂಬರ್‌ನಲ್ಲಿ ವಿದ್ಯಾರ್ಥಿಗಳ ಸಂಶೋಧನಾ ಪ್ರಬಂಧ ಸ್ಪರ್ಧೆಯೊಂದಕ್ಕೆ ನಾವು ಕಾಮರ್ಸ್‌ನ ಮೂವರು ಹೋಗಿದ್ದೆವು. ನಮ್ಮ ವಿಷಯ, ಹತ್ತಿಗೆ ಸರ್ಕಾರ ಹೇಳುವ ಬೆಲೆ ಮತ್ತು ರೈತನ ಕೈಗೆ ಬರುವ ಬೆಲೆ. ಅದಕ್ಕಾಗಿ ನವೆಂಬರ್‌ನಲ್ಲಿ ಎರಡು ಭಾನುವಾರ ತಿರುಗಿದ್ದೆವು. ಒಂದು ಸಲ ಮಾನ್ವಿ ಹತ್ತಿರದ ಹಳ್ಳಿಗೆ, ಇನ್ನೊಂದು ಸಲ ದೇವದುರ್ಗಕ್ಕೆ. ಮಾನ್ವಿ ಕಡೆಯ ಒಬ್ಬ ಹಿರಿಯ ರೈತರು ಕಟ್ಟೆಯ ಮೇಲೆ ಕೂತು ಒಂದು ಹಿಡಿ ಹತ್ತಿಯನ್ನು ನಮ್ಮ ಕೈಗೆ ಕೊಟ್ಟು, “ಹಿಚುಕಿ ನೋಡು, ಹಸಿ ಅದ ಏನು? ನಿನಗ ಗೊತ್ತಾಗಲ್ಲ. ಮಷೀನಿಗೆ ಗೊತ್ತಾಗ್ತದ” ಎಂದರು. ಬೆಳಗಿನ ಇಬ್ಬನಿಯಲ್ಲಿ ಬಿಡಿಸಿದ ಹತ್ತಿಗೂ ಮಧ್ಯಾಹ್ನ ಬಿಡಿಸಿದ ಹತ್ತಿಗೂ ಖರೀದಿ ಕೇಂದ್ರದಲ್ಲಿ ಬೇರೆ ಬೇರೆ ಲೆಕ್ಕ ಬೀಳುವುದನ್ನು ಅವರು ಅರ್ಧ ಗಂಟೆ ವಿವರಿಸಿದರು. ದೇವದುರ್ಗದಲ್ಲಿ ನನ್ನ ಮಾಮೂ ಇದ್ದಾರೆ. ಲಾರಿಗೆ ಹತ್ತಿ ತುಂಬುವ ಹಮಾಲಿ ಕೆಲಸ. ಅವರು ಅದೇ ಮಾತನ್ನು ಉರ್ದುವಿನಲ್ಲಿ ಹೇಳಿದರು. ನಮಿ, ನಮಿ ಎಂದು ಹತ್ತು ಸಲವಾದರೂ ಅಂದಿರಬೇಕು. ನಮಿ ಎಂದರೆ ತೇವಾಂಶ.

ಇಡೀ ಪ್ರಬಂಧದಲ್ಲಿ ನಾವು ನಿಜವಾಗಿ ಕಂಡುಕೊಂಡದ್ದು ಅದೊಂದೇ. ಉಳಿದ ಒಂಬತ್ತು ಪುಟ ಎಲ್ಲರಿಗೂ ಸಿಗುವಂಥದ್ದು. ಆ ಒಂದು ಪ್ಯಾರಾವನ್ನು ನಾವು ಹೇಗೆ ಬರೆದೆವು ಗೊತ್ತೇ? “ತೇವಾಂಶದ ಕಾರಣ ರೈತರಿಗೆ ಕಡಿಮೆ ಬೆಲೆ ಸಿಗುತ್ತದೆ ಎಂದು ಹೇಳಲಾಗುತ್ತದೆ.” ಯಾರು ಹೇಳುತ್ತಾರೆ, ಎಲ್ಲಿ, ಯಾವಾಗ, ಒಂದೂ ಇಲ್ಲ. ಹಳ್ಳಿಯ ಕಟ್ಟೆಯ ಮೇಲೆ ಕೇಳಿದ ಮಾತನ್ನು ಆಕರ ಎನ್ನಬಹುದು ಎಂದು ನಮಗೆ ತಿಳಿದಿರಲಿಲ್ಲ. ಆಕರ ಎಂದರೆ ಪುಸ್ತಕ, ಇಲ್ಲದಿದ್ದರೆ ಲಿಂಕ್ ಎಂದುಕೊಂಡಿದ್ದೆವು. ತೀರ್ಪುಗಾರರು ಕೇಳಿದಾಗ ರೈತರ ಹೆಸರು ಹೇಳಲು ನನಗೆ ನಾಚಿಕೆಯಾಯಿತು. ಇಂಟರ್ನೆಟ್ ಎಂದೆ. ಯಾವ ಪುಟ ಎಂದರು. ಉತ್ತರ ಇರಲಿಲ್ಲ. ಅವರು ಆ ಪ್ಯಾರಾದ ಮೇಲೆ ಪೆನ್ಸಿಲ್‌ನಿಂದ ಅಡ್ಡಗೆರೆ ಎಳೆದರು. ಅವರದೇನೂ ತಪ್ಪಿಲ್ಲ. ನಾನಾಗಿದ್ದರೂ ಎಳೆಯುತ್ತಿದ್ದೆ.

ಆಮೇಲೆ ಹುಡುಕಿದಾಗ ಗೊತ್ತಾಯಿತು: ಭಾರತೀಯ ಹತ್ತಿ ನಿಗಮ ಬೆಂಬಲ ಬೆಲೆಗೆ ಖರೀದಿಸುವಾಗ ಶೇಕಡಾ 8ರ ತೇವಾಂಶವನ್ನು ಆಧಾರವಾಗಿ ಇಟ್ಟುಕೊಳ್ಳುತ್ತದೆ. 8ರಿಂದ 12ರವರೆಗೆ ಇದ್ದರೆ ಅದಕ್ಕೆ ತಕ್ಕಂತೆ ಬೆಲೆ ಕಡಿತ. 12 ದಾಟಿದರೆ ಖರೀದಿಯೇ ಇಲ್ಲ. ಅಂದರೆ ಆ ಹಿರಿಯರು ಹೇಳಿದ್ದು ನಿಯಮದಲ್ಲೇ ಇದೆ. ನಿಯಮ ಒಂದು ಆಕರ, ಆ ನಿಯಮ ಅವರ ಮನೆಯಲ್ಲಿ ಏನು ಮಾಡಿತು ಎನ್ನುವುದು ಇನ್ನೊಂದು ಆಕರ. ನಮ್ಮ ಬಳಿ ಎರಡನೆಯದು ಇತ್ತು, ಅದನ್ನೇ ನಾವು ಅಳಿಸಿದ್ದೆವು.

ಆಕರ ಉಲ್ಲೇಖವನ್ನು ನಾವು ಅಲಂಕಾರ ಎಂದುಕೊಂಡಿದ್ದೇವೆ. ಪ್ರಾಜೆಕ್ಟ್ ಮುಗಿದ ಮೇಲೆ, ಬೈಂಡಿಂಗ್‌ಗೆ ಕೊಡುವ ಹಿಂದಿನ ರಾತ್ರಿ, ಕೊನೆಯ ಪುಟದಲ್ಲಿ ‘ಗ್ರಂಥಋಣ’ ಎಂದು ಬರೆದು ಕೆಳಗೆ ‘ಪಠ್ಯಪುಸ್ತಕ, ಗೂಗಲ್, ವಿಕಿಪೀಡಿಯ’ ಎಂದು ತುಂಬುತ್ತೇವೆ. ಗೂಗಲ್ ಆಕರ ಎನ್ನುವುದು, ಈ ಅಕ್ಕಿ ಎಲ್ಲಿಯದು ಎಂದರೆ “ಆಟೋದಲ್ಲಿ ತಂದೆ” ಎಂದ ಹಾಗೆ.

ಕಾಮರ್ಸ್‌ನವರಾದ ನಾವಂತೂ ಹೀಗೆ ಮಾಡಲೇಬಾರದು. ಪ್ರಥಮ ಪಿಯುಸಿಯ ಅಕೌಂಟೆನ್ಸಿಯಲ್ಲಿ ನಮಗೆ ಮೊದಲೇ ಹೇಳಿಕೊಟ್ಟಿದ್ದು ವೋಚರ್ ಇಲ್ಲದೆ ಎಂಟ್ರಿ ಇಲ್ಲ ಎಂದು. ಬಿಲ್ಲು, ರಸೀದಿ, ಚೆಕ್ಕಿನ ಕೌಂಟರ್‌ಫಾಯಿಲ್, ಇವಕ್ಕೆ ಪುಸ್ತಕದಲ್ಲಿರುವ ಹೆಸರೇ ಆಕರ ದಾಖಲೆಗಳು. ಜರ್ನಲ್‌ನಲ್ಲಿ ತಾರೀಖು, ವಿವರ ಆದ ಮೇಲೆ ಎಲ್.ಎಫ್. ಎಂಬ ಸಣ್ಣ ಕಾಲಂ ಇರುತ್ತದೆ. ಈ ಮೊತ್ತ ಲೆಡ್ಜರ್‌ನ ಯಾವ ಪುಟದಲ್ಲಿದೆ ಎಂದು ತೋರಿಸುವುದು ಅದರ ಕೆಲಸ. ಪರೀಕ್ಷೆಯಲ್ಲಿ ಯಾರೂ ಅದನ್ನು ತುಂಬುವುದಿಲ್ಲ, ಗೆರೆ ಎಳೆದು ಖಾಲಿ ಬಿಡುತ್ತೇವೆ. ಆದರೆ ಗಂಜ್‌ನ ಯಾವುದಾದರೂ ಅಡತ್ ಅಂಗಡಿಯಲ್ಲಿ ಅದನ್ನು ಖಾಲಿ ಬಿಟ್ಟು ನೋಡಿ! ಅಡಿಟಿಪ್ಪಣಿ ಎಂದರೆ ಪ್ರಬಂಧದ ಎಲ್.ಎಫ್. ಕಾಲಂ. ಓದುವವರು ಆ ಸಂಖ್ಯೆ ಹಿಡಿದುಕೊಂಡು ಹೋಗಿ ಮೂಲ ಪುಟ ತೆರೆಯುವಂತಿರಬೇಕು, ಅಷ್ಟೇ ಅದರ ಅರ್ಥ.

ಒಂದು ತಮಾಷೆ ಹೇಳಿ ಮುಂದೆ ಹೋಗುತ್ತೇನೆ. ‘ಗ್ರಂಥಋಣ’ವನ್ನು ಅಕ್ಷರಕ್ಕೆ ಅಕ್ಷರ ಇಂಗ್ಲಿಷಿಗೆ ತಿರುಗಿಸಿದರೆ ಬುಕ್ ಡೆಟ್ಸ್ ಆಗುತ್ತದೆ. ಅಕೌಂಟೆನ್ಸಿಯಲ್ಲಿ ಬುಕ್ ಡೆಟ್ಸ್ ಎಂದರೆ ಬೇರೆಯವರು ನಮಗೆ ಕೊಡಬೇಕಾದ ಬಾಕಿ, ಆಸ್ತಿಯ ಕಡೆ ಬರುತ್ತದೆ. ಗ್ರಂಥಋಣ ನಾವು ಕೊಡಬೇಕಾದದ್ದು, ಹೊಣೆಯ ಕಡೆ ಬರಬೇಕು. ನಾವು ಮಾತ್ರ ಬೇರೆಯವರ ಮಾತನ್ನು ಆಸ್ತಿಯ ಕಡೆಗೇ ಹಾಕಿಕೊಂಡು ಬ್ಯಾಲೆನ್ಸ್ ಶೀಟ್ ಮುಗಿಸುತ್ತೇವೆ.

ವರ್ಷ ಬರೆಯದೆ ಬಿಟ್ಟರೆ ಏನಾಗುತ್ತದೆ ಎನ್ನುವುದಕ್ಕೂ ನಮ್ಮ ಪ್ರಬಂಧವೇ ಸಾಕ್ಷಿ. ಎರಡನೇ ಪುಟದಲ್ಲಿ ಹತ್ತಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 7,521 ರೂಪಾಯಿ ಎಂದಿತ್ತು. ಆರನೇ ಪುಟದಲ್ಲಿ 8,110 ರೂಪಾಯಿ ಎಂದಿತ್ತು. ಒಂದನ್ನು ನಾನು ಬರೆದಿದ್ದೆ, ಇನ್ನೊಂದನ್ನು ಗೆಳೆಯ ಬರೆದಿದ್ದ. ಎರಡೂ ಸರಿ! ಮೊದಲನೆಯದು 2024-25ನೇ ಸಾಲಿನದು, ಎರಡನೆಯದು 2025-26ನೇ ಸಾಲಿನದು. ಎರಡೂ ಉದ್ದ ಎಳೆಯ ಹತ್ತಿಯವು. ಮಧ್ಯಮ ಎಳೆಯ ಹತ್ತಿಗೆ ಇದೇ 2025-26ರಲ್ಲಿ 7,710 ರೂಪಾಯಿ. ವರ್ಷವೂ ಇಲ್ಲ, ಎಳೆಯೂ ಇಲ್ಲ ಎಂದ ಮೇಲೆ ಎರಡು ಸತ್ಯಗಳು ಸೇರಿ ಒಂದು ತಪ್ಪಾಯಿತು. ಮಾರುಕಟ್ಟೆ ದರವಾದರೆ ಇನ್ನೂ ಸೂಕ್ಷ್ಮ. ಅದು ದಿನಕ್ಕೊಂದು, ಮಾರುಕಟ್ಟೆಗೊಂದು. ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ದರ ಇರುತ್ತವೆ. “ಕೃಷಿ ಮಾರಾಟ ವಾಹಿನಿ ಜಾಲತಾಣ” ಎಂದಷ್ಟೇ ಬರೆದರೆ ಸಾಲದು. ಯಾವ ಮಾರುಕಟ್ಟೆ, ಯಾವ ತಾರೀಖು, ಮೂರರಲ್ಲಿ ಯಾವ ದರ, ನೀವು ನೋಡಿದ್ದು ಯಾವತ್ತು ಎಂದೂ ಬರೆಯಬೇಕು. ಇದರಲ್ಲಿ ಹೊಸದೇನೂ ಇಲ್ಲ, ಅಂಗಡಿ ರಸೀದಿಯಲ್ಲಿ ಇರುವುದೂ ಇಷ್ಟೇ.

ಬೆಲೆ ಮಾತ್ರವಲ್ಲ, ‘ರಾಯಚೂರು ಜಿಲ್ಲೆ’ ಎಂಬ ಹೆಸರಿಗೂ ವರ್ಷ ಬೇಕು. 1997ಕ್ಕೆ ಮೊದಲು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಮ್ಮ ಜಿಲ್ಲೆಯಲ್ಲೇ ಇದ್ದವು. 1991ರ ಗಣತಿಯನ್ನೂ 2011ರ ಗಣತಿಯನ್ನೂ ಪಕ್ಕ ಪಕ್ಕ ಇಟ್ಟು ಟಿಪ್ಪಣಿ ಹಾಕದೆ ಗ್ರಾಫ್ ಬರೆದರೆ ರಾಯಚೂರಿನ ಜನ ಊರು ಬಿಟ್ಟು ಓಡಿಹೋದರೇನೋ ಅನ್ನಿಸುತ್ತದೆ. 2011ರಲ್ಲಿ ಜಿಲ್ಲೆಯ ಜನಸಂಖ್ಯೆ 19,28,812. ಆ ಗಣತಿಯ ಮಾನ್ವಿ ತಾಲ್ಲೂಕಿನಲ್ಲಿ ಸಿರವಾರವೂ ಸೇರಿದೆ, ಈಗ ಸಿರವಾರ ಬೇರೆ ತಾಲ್ಲೂಕು. ನಮ್ಮ ಪ್ರಬಂಧದಲ್ಲಿ ಇದೂ ತಪ್ಪಿತ್ತು. ತೀರ್ಪುಗಾರರು ಗಮನಿಸಲಿಲ್ಲ, ನಾನೇ ಈಗ ಹೇಳುತ್ತಿದ್ದೇನೆ.

ಇದು ಲೆಕ್ಕದವರ ಗೋಳು ಮಾತ್ರ ಎಂದು ಆರ್ಟ್ಸ್‌ನವರು ನಗಬೇಡಿ. ರಾಯಚೂರು ಕದನ ಯಾವಾಗ ನಡೆಯಿತು? ಕೃಷ್ಣದೇವರಾಯನಿಗೂ ಇಸ್ಮಾಯಿಲ್ ಆದಿಲ್ ಶಾಹನಿಗೂ ನಮ್ಮ ಊರಿನ ಕೋಟೆಗಾಗಿ ನಡೆದ ಯುದ್ಧ. 1520 ಎಂದು ಕಣ್ಣು ಮುಚ್ಚಿ ಬರೆಯುತ್ತೇವೆ. ಆದರೆ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್‌ನ ಬರವಣಿಗೆಯಲ್ಲಿ ಇರುವ ವರ್ಷ 1522. ವಿಜಾಪುರದಲ್ಲಿ ಕೂತು ಪರ್ಶಿಯನ್‌ನಲ್ಲಿ ಇತಿಹಾಸ ಬರೆದ ಫರಿಶ್ತಾ ಕೊಡುವುದು ಹಿಜರಿ 927, ಅಂದರೆ 1520ರ ಕೊನೆಯಿಂದ 1521ರ ಕೊನೆಯ ತನಕ. ರಾಬರ್ಟ್ ಸೂವೆಲ್ ಎಂಬ ಇಂಗ್ಲಿಷ್ ಅಧಿಕಾರಿ 1900ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಇವನ್ನೆಲ್ಲ ಎದುರುಬದುರು ಇಟ್ಟು, ವಾರ ಮತ್ತು ಅಮಾವಾಸ್ಯೆಯ ಲೆಕ್ಕ ಹಾಕಿ, 1520ರ ಮೇ 19 ಎಂದು ತೀರ್ಮಾನಿಸಿದ. ನಾವು ಬರೆಯುವ 1520ರ ಹಿಂದೆ ಇಷ್ಟು ಜಗಳವಿದೆ. ಯಾರೋ ಒಬ್ಬ ವಿದ್ಯಾರ್ಥಿನಿ ಫರಿಶ್ತಾನ ಉರ್ದು ಅನುವಾದ ಓದಿ 1521 ಎಂದು ಬರೆದಳು ಎಂದುಕೊಳ್ಳಿ. ಟಿಪ್ಪಣಿ ಇಲ್ಲದಿದ್ದರೆ ಅದು ತಪ್ಪು ಉತ್ತರ. “ಫರಿಶ್ತಾ, ಹಿಜರಿ 927” ಎಂದು ಕೆಳಗೆ ಒಂದು ಸಾಲು ಇದ್ದರೆ ಅದೇ ಒಂದು ವಾದ. ಆಗ ಕೆಂಪು ಪೆನ್ನು ಹಿಡಿದವರೂ ಒಂದು ನಿಮಿಷ ನಿಲ್ಲಬೇಕಾಗುತ್ತದೆ.

ಈಗ ನಮ್ಮ ಮೇಲೆ ಹೇರಲಾಗುವ ಮಾದರಿಗಳ ಬಗ್ಗೆ ಹೇಳಬೇಕು. ಸ್ಪರ್ಧೆಯ ಸುತ್ತೋಲೆಯಲ್ಲಿ “ಎಪಿಎ ಮಾದರಿಯಲ್ಲಿ ಉಲ್ಲೇಖ ಕಡ್ಡಾಯ” ಎಂದಿತ್ತು. ಎಪಿಎ ಎಂದರೆ ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ. 1929ರಲ್ಲಿ ಏಳು ಪುಟಗಳ ಸೂಚನೆಯಾಗಿ ಹುಟ್ಟಿದ್ದು, 2019ರ ಏಳನೇ ಆವೃತ್ತಿಯ ಹೊತ್ತಿಗೆ ನಾನೂರು ಪುಟ ದಾಟಿದೆ. ಅದರ ನಿಯಮದಂತೆ ಲೇಖಕರ ಮನೆತನದ ಹೆಸರು ಮೊದಲು, ಸ್ವಂತ ಹೆಸರಿನ ಬರೀ ಮೊದಲಕ್ಷರ ಆಮೇಲೆ. ಅಮೆರಿಕದಲ್ಲಿ ಸರಿ ಇರಬಹುದು. ನಮ್ಮ ಕಡೆ ಇದನ್ನು ಹಚ್ಚಿ ನೋಡಿ.

ಬಾನು ಮುಷ್ತಾಕ್ ಅವರು ‘ಮುಷ್ತಾಕ್, ಬಿ.’ ಆಗುತ್ತಾರೆ. ಮುಷ್ತಾಕ್ ಅವರ ಪತಿಯ ಹೆಸರು. ಕಥೆ ಬರೆದ ಬಾನು ಒಂದು ಅಕ್ಷರಕ್ಕೆ ಇಳಿದುಬಿಡುತ್ತಾರೆ. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರಿಗೂ ಇದೇ ಗತಿ, ‘ಅಬೂಬಕ್ಕರ್, ಎಸ್.’ ನಮ್ಮ ಜಿಲ್ಲೆಯವರೇ ಆದ, ಕನ್ನಡದಲ್ಲಿ ಗಜಲ್ ಬರೆದ ಶಾಂತರಸ ಹೆಂಬೇರಾಳು ಅವರು ‘ಹೆಂಬೇರಾಳು, ಎಸ್.’ ಆಗುತ್ತಾರೆ. ಹೆಂಬೇರಾಳು ಊರಿನ ಹೆಸರು, ಗಜಲ್ ಬರೆದದ್ದು ಊರಲ್ಲ! ನಮ್ಮ ತರಗತಿಯಲ್ಲೇ ಐವರು ಬೇಗಂಗಳಿದ್ದಾರೆ. ಮುಂದೆ ಐವರೂ ಪುಸ್ತಕ ಬರೆದರೆ (ಇಬ್ಬರಾದರೂ ಬರೆಯುತ್ತಾರೆ, ನನಗೆ ನಂಬಿಕೆ ಇದೆ) ಆಕರಸೂಚಿಯಲ್ಲಿ ಬೇಗಂ, ಬೇಗಂ, ಬೇಗಂ ಎಂದು ಒಂದರ ಕೆಳಗೊಂದು ನಿಲ್ಲುತ್ತಾರೆ. ಎಂಎಲ್‌ಎ ಎಂಬ ಇನ್ನೊಂದು ಅಮೆರಿಕನ್ ಮಾದರಿ ಸ್ವಂತ ಹೆಸರನ್ನು ಪೂರ್ತಿ ಬರೆಯಲು ಬಿಡುತ್ತದೆ, ಅಷ್ಟು ವಾಸಿ. ಆದರೂ ತಿರುಗಿಸಿಯೇ ಬರೆಯಬೇಕು. ಕನ್ನಡದ ಎಷ್ಟೋ ಪುಸ್ತಕಗಳ ಕೊನೆಯಲ್ಲಿ ಹೆಸರನ್ನು ಮುಖಪುಟದಲ್ಲಿ ಇರುವಂತೆಯೇ ಬರೆದು ಅಕಾರಾದಿಯಲ್ಲಿ ಜೋಡಿಸಿರುತ್ತಾರೆ. ಅದು ಅಜ್ಞಾನವಲ್ಲ, ನಮ್ಮ ಹೆಸರುಗಳಿಗೆ ಒಪ್ಪುವ ಕ್ರಮ. ಇಂಗ್ಲಿಷ್‌ನಲ್ಲಿ ಬರೆದು ಹೊರಗೆ ಕಳಿಸುವ ಪ್ರಬಂಧಕ್ಕೆ ಅವರು ಕೇಳಿದ ಮಾದರಿ ಇರಲಿ. ಕಾಲೇಜಿನೊಳಗಿನ ಕನ್ನಡ ಪ್ರಾಜೆಕ್ಟಿಗೆ ಹೆಸರನ್ನು ಇದ್ದಂತೆ ಬರೆಯಲು ಬಿಡಬೇಕು ಎನ್ನುವುದು ನನ್ನ ವಾದ.

ಅನುವಾದಕರ ಹೆಸರನ್ನು ಮಾತ್ರ ಯಾವ ಮಾದರಿಯಲ್ಲೂ ಬಿಡಬಾರದು. ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ಗೆ 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ 50,000 ಪೌಂಡ್ ಬಹುಮಾನವನ್ನು ಲೇಖಕಿಗೂ ಅನುವಾದಕಿ ದೀಪಾ ಭಾಸ್ತಿಗೂ ಸರಿಸಮ ಹಂಚಿದರು. ಹಣದಲ್ಲಿ ಅರ್ಧ ಪಾಲು ಇದ್ದವರಿಗೆ ಅಡಿಟಿಪ್ಪಣಿಯಲ್ಲಿ ಅರ್ಧ ಸಾಲು ಕೊಡಲು ನಮಗೇನು ನಷ್ಟ?

ಎಪಿಎಯಲ್ಲಿ ನನಗೆ ಇನ್ನೂ ಕಷ್ಟವೆನಿಸಿದ್ದು ಬೇರೆ. ಬಾಯಿಮಾತಿನಲ್ಲಿ ಕೇಳಿದ್ದನ್ನು ಅದು ‘ವೈಯಕ್ತಿಕ ಸಂವಹನ’ ಎಂದು ಕರೆದು ಬರಹದ ನಡುವೆ ಆವರಣದಲ್ಲಿ ಹಾಕಿಸುತ್ತದೆ, ಕೊನೆಯ ಪಟ್ಟಿಗೆ ಸೇರಿಸುವುದಿಲ್ಲ. ಓದುವವರು ಹೋಗಿ ನೋಡಲು ಆಗುವುದಿಲ್ಲ ಎಂಬುದು ಕಾರಣ. ಕಾರಣ ನ್ಯಾಯವೇ. ಆದರೆ ನಮ್ಮ ಜಿಲ್ಲೆಯ ವ್ಯಾಪಾರದ ಅರ್ಧ ವಿಷಯ ಯಾವ ಪುಸ್ತಕದಲ್ಲೂ ಇಲ್ಲ, ಬಾಯಲ್ಲೇ ಇದೆ. ಕನ್ನಡದ ಜಾನಪದ ಸಂಶೋಧಕರು ಇದಕ್ಕೆ ಎಂದೋ ದಾರಿ ಮಾಡಿಕೊಂಡಿದ್ದಾರೆ. ಪ್ರಬಂಧದ ಕೊನೆಗೆ ‘ವಕ್ತೃಗಳು’ ಎಂಬ ಪಟ್ಟಿ ಹಾಕಿ ಹಾಡು, ಕಥೆ ಹೇಳಿದವರ ಹೆಸರು, ವಯಸ್ಸು, ಊರು ಬರೆಯುತ್ತಾರೆ. ಹಾಡಿಗೆ ಸಲ್ಲುವ ಮರ್ಯಾದೆ ಹತ್ತಿಯ ತೂಕಕ್ಕೆ ಯಾಕೆ ಸಲ್ಲಬಾರದು?

ಸುಳ್ಳು ಆಕರದ ವಿಷಯವನ್ನೂ ಹೇಳಿಬಿಡುತ್ತೇನೆ. ಸೋತು ಬಂದ ಮೇಲೆ ಹಟಕ್ಕೆ ಬಿದ್ದು ಒಂದು ಚಾಟ್‌ಬಾಟ್‌ಗೆ ರಾಯಚೂರಿನ ಹತ್ತಿ ವ್ಯಾಪಾರದ ಮೇಲೆ ಪುಸ್ತಕಗಳ ಹೆಸರು ಕೇಳಿದೆ. ಲೇಖಕರು, ಪ್ರಕಾಶಕರು, ವರ್ಷ, ಪುಟಸಂಖ್ಯೆ ಎಲ್ಲ ಸೇರಿಸಿ ಅಚ್ಚುಕಟ್ಟಾಗಿ ಕೊಟ್ಟಿತು, ಅಲ್ಪವಿರಾಮವೂ ತಪ್ಪಿರಲಿಲ್ಲ. ನಮ್ಮ ಲೈಬ್ರರಿಯನ್ ಸರ್ ಎರಡು ದಿನ ಹುಡುಕಿ, “ಈ ಪುಸ್ತಕ ಹುಟ್ಟೇ ಇಲ್ಲಪ್ಪ” ಎಂದರು. ಅಲ್ಪವಿರಾಮಕ್ಕೆ ಅಂಕ ಕಳೆಯುವ ಉಪನ್ಯಾಸಕರು ಇದನ್ನು ದಯವಿಟ್ಟು ಗಮನಿಸಬೇಕು. ಅಲ್ಪವಿರಾಮ ಸರಿ ಇದ್ದು ಪುಸ್ತಕವೇ ಇಲ್ಲದ ಟಿಪ್ಪಣಿಗಿಂತ, ಅಲ್ಪವಿರಾಮ ತಪ್ಪಿ ಪುಸ್ತಕ ಸಿಗುವ ಟಿಪ್ಪಣಿ ಮೇಲು.

“ಇದೆಲ್ಲ ಇಂಗ್ಲಿಷ್ ಕಾಲೇಜಿನವರ ಶೋಕಿ” ಎಂದು ನನ್ನ ತಂಡದ ಗೆಳೆಯನೇ ಹೇಳಿದ. ಅವನಿಗೆ ನಾನು ಕೇಳಿದ್ದು ಇಷ್ಟು: ವಾಟ್ಸಾಪ್‌ನಲ್ಲಿ ಯಾರೋ ಒಂದು ಹದೀಸ್ ಕಳಿಸಿದರೆ ನಿನ್ನ ಅಬ್ಬಾ ಮೊದಲು ಏನು ಕೇಳುತ್ತಾರೆ? ಯಾವ ಕಿತಾಬ್, ಯಾರ ರಿವಾಯತ್ ಎಂದು ಕೇಳುತ್ತಾರೆ. ಹೇಳಿದವರ ಹೆಸರುಗಳ ಸರಪಳಿ, ಇಸ್ನಾದ್, ಇಲ್ಲದೆ ಮಾತು ನಿಲ್ಲುವುದಿಲ್ಲ. ಅಲ್ಲೂ ಬರೀ ಸಂಖ್ಯೆ ಹಾಕಿದರೆ ಸಾಲದು, ಒಂದು ಆವೃತ್ತಿಯ ಸಂಖ್ಯೆ ಇನ್ನೊಂದಕ್ಕೆ ಹೊಂದುವುದಿಲ್ಲ. ನಾವು ತಿರುಗಾಡಿದ ಮಾನ್ವಿ, ದೇವದುರ್ಗದ ನೆಲವೂ ಇದನ್ನು ಬಲ್ಲದು. ಚೀಕಲಪರ್ವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು, ಮೂವರ ಅಂಕಿತದಲ್ಲೂ ವಿಠಲ ಇದ್ದಾನೆ. ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ. ಮುಂದಿನ ಪದ ನೋಡಿಯೇ ಯಾರ ಕೀರ್ತನೆ ಎಂದು ಗೊತ್ತಾಗುವುದು. ನಾವು ಪ್ರಾಜೆಕ್ಟಿನಲ್ಲಿ “ದಾಸರು ಹೇಳಿದಂತೆ” ಎಂದು ಬರೆದು ಮೂವರನ್ನೂ ಒಬ್ಬರನ್ನಾಗಿ ಮಾಡುತ್ತೇವೆ.

“ಇದು ಪಿಯುಸಿ, ಪಿಎಚ್‌ಡಿ ಅಲ್ಲ” ಎನ್ನುವ ಮಾತೂ ಸ್ಟಾಫ್ ರೂಮಿನಿಂದ ಕೇಳಿಬಂತು. ಹೌದು, ನಾನೂರು ಪುಟದ ನಿಯಮ ನಮಗೆ ಬೇಡ. ಆದರೆ ಈಗ ಪ್ರಾಯೋಗಿಕ ಪರೀಕ್ಷೆ ಇಲ್ಲದ ವಿಷಯಗಳಿಗೂ 20 ಆಂತರಿಕ ಅಂಕಗಳಿವೆ, ಅದರಲ್ಲಿ ಪ್ರಾಜೆಕ್ಟಿಗೂ ಪಾಲಿದೆ. ಪ್ರತಿಯೊಬ್ಬರೂ ವರ್ಷಕ್ಕೆ ಹಲವು ಪ್ರಾಜೆಕ್ಟ್ ಬರೆಯುತ್ತಿದ್ದೇವೆ. ಹಿಂದಿನ ವರ್ಷದ ಸೀನಿಯರ್‌ಗಳ ಪ್ರಾಜೆಕ್ಟನ್ನು ಹೆಸರು ಬದಲಿಸಿ ಕೊಡುವುದೂ ನಡೆಯುತ್ತಿದೆ, ಎಲ್ಲರಿಗೂ ಗೊತ್ತಿರುವ ವಿಷಯ. ಎರಡು ಅಂಕ ಆಕರಕ್ಕೆ ಎಂದು ಮೊದಲೇ ಹೇಳಿ, ಮೌಖಿಕದಲ್ಲಿ “ಈ ಮೂರನೇ ಟಿಪ್ಪಣಿಯ ಪುಟ ತೆಗೆದು ತೋರಿಸು” ಎಂದರೆ ಸಾಕು. ನಕಲು ಮಾಡಿದವರು ಅಲ್ಲೇ ಸಿಕ್ಕಿಬೀಳುತ್ತಾರೆ. ದುಡಿದವರು ಕೂಡ ಅಲ್ಲೇ ಗೊತ್ತಾಗುತ್ತಾರೆ.

ಲೈಬ್ರರಿಯನ್ ಸರ್ ಜೊತೆ ಕೂತು ಒಂದೇ ಪುಟದ ಕರಡು ಮಾಡಿದ್ದೇವೆ. ಪುಸ್ತಕಕ್ಕೆ: ಮುಖಪುಟದಲ್ಲಿ ಇರುವಂತೆ ಲೇಖಕರ ಹೆಸರು, ಅನುವಾದಕರಿದ್ದರೆ ಅವರದು, ಪುಸ್ತಕ, ಪ್ರಕಾಶಕರು, ಊರು, ಆ ಮುದ್ರಣದ ವರ್ಷ, ಪುಟ. ಜಾಲತಾಣಕ್ಕೆ: ಯಾವ ಸಂಸ್ಥೆಯದು, ಯಾವ ಪುಟ, ಪ್ರಕಟವಾದ ದಿನ, ನಾವು ನೋಡಿದ ದಿನ. ಬಾಯಿಮಾತಿಗೆ: ಹೆಸರು, ಕಸುಬು, ಊರು, ತಾರೀಖು, ಯಾವ ಭಾಷೆಯಲ್ಲಿ ಹೇಳಿದರು, ಕನ್ನಡಕ್ಕೆ ತಂದವರು ಯಾರು. ಮಾಮೂ ಹೇಳಿದ್ದನ್ನು ಈಗ “ಉರ್ದುವಿನಿಂದ ನನ್ನ ಅನುವಾದ” ಎಂದು ಬರೆದಿದ್ದೇನೆ.

ಮಾನ್ವಿಯ ಹಿರಿಯರ ಬಳಿ ಜನವರಿಯಲ್ಲಿ ಮತ್ತೆ ಹೋಗಿದ್ದೆ, ಹೆಸರು ಹಾಕಲೇ ಎಂದು ಕೇಳಲು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಡತ್ಯಾನ ಹತ್ತಿರ ನಂದು ಬಾಕಿ ಅದ. ಹೆಸರು ಬ್ಯಾಡ. ಊರು ಹಾಕು, ರೈತ ಅಂತ ಹಾಕು” ಎಂದರು. ಹಾಗಾಗಿ ಕರಡಿನಲ್ಲಿ ಒಂದು ಸಾಲು ಹೆಚ್ಚಾಯಿತು: ಹೆಸರು ಬೇಡ ಎಂದವರ ಹೆಸರು ಬರೆಯಬಾರದು, ಬೇಡ ಎಂದರು ಎಂದು ಬರೆಯಬೇಕು.

ಕರಡಿನ ಪ್ರತಿ ಲೈಬ್ರರಿಯ ಮೇಜಿನ ಮೇಲಿದೆ. ತಪ್ಪು ಕಂಡವರು ಪೆನ್ಸಿಲ್‌ನಿಂದ ಗುರುತು ಹಾಕಿ. ಉರ್ದು ಪುಸ್ತಕಗಳ ಭಾಗ ಇನ್ನೂ ಖಾಲಿ ಇದೆ. ತಖಲ್ಲುಸ್‌ನಿಂದ ಹೆಸರಾದ ಶಾಯರನ್ನು ತಖಲ್ಲುಸ್‌ನ ಅಕ್ಷರಕ್ಕೆ ಹಾಕಬೇಕೋ ಮೂಲ ಹೆಸರಿನ ಅಕ್ಷರಕ್ಕೋ ಎಂದು ನಮ್ಮಲ್ಲಿ ತೀರ್ಮಾನವಾಗಿಲ್ಲ. ಉರ್ದು ಮೇಡಂ ಮುಂದಿನ ವಾರ ಕೂತು ನೋಡೋಣ ಎಂದಿದ್ದಾರೆ.